60 ಸಾಲು ಓದಲು 57,600 ಪುಟ: ಪೋಸ್ಟ್‌ಗ್ರೆಸ್ ಸರ್ವರ್ ರಿಪೇರಿಯ ದಿನಚರಿ

ಮೊದಲ ಶನಿವಾರ

60 ಸೆನ್ಸರ್‌ಗಳು ಐದು ಸೆಕೆಂಡಿಗೊಮ್ಮೆ ಕಳಿಸುವ ತಾಪಮಾನ, ತೇವಾಂಶದ ಅಂಕಿಗಳನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಕೂಡಿಡುವುದು ನನ್ನ ಹವ್ಯಾಸದ ಪ್ರಾಜೆಕ್ಟು. ಎಲ್ಲ ಅಂಕಿಗಳೂ ಹೋಗಿ ಸೇರುವ ದೊಡ್ಡ ಟೇಬಲ್ ಒಂದು. ಪ್ರತಿ ಸೆನ್ಸರಿನ ಈಗಿನ ಸ್ಥಿತಿಯನ್ನಷ್ಟೇ ಇಟ್ಟುಕೊಂಡ ಪುಟ್ಟ ಟೇಬಲ್ ಇನ್ನೊಂದು, ಅದರಲ್ಲಿರುವುದು 60 ಸಾಲು ಮಾತ್ರ. ಪರದೆಯ ಮೇಲೆ ಸ್ಥಿತಿ ತೋರಿಸುವ ಪುಟ ಕೆಲವು ದಿನಗಳಿಂದ ಎಳೆದಾಡುತ್ತಿತ್ತು.

ದೊಡ್ಡ ಟೇಬಲ್ ಬೆಳೆದಿದೆ, ಮೆಮೊರಿ ಸಾಲುತ್ತಿಲ್ಲ ಎಂದುಕೊಂಡೆ. ಓದಿದ ಮಾಹಿತಿಯನ್ನು ಪೋಸ್ಟ್‌ಗ್ರೆಸ್ ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, ಅಂದರೆ ಶೇರ್ಡ್ ಬಫರ್ಸ್, ಮೊದಲಿನಿಂದ ಇದ್ದ 128 ಎಂಬಿಯಲ್ಲೇ ಇತ್ತು. ಯಂತ್ರದಲ್ಲಿ 8 ಜಿಬಿ ಇರುವಾಗ ಅದರ ಕಾಲುಭಾಗ ಕೊಡುವುದು ರೂಢಿ, ಹಾಗಾಗಿ 2 ಜಿಬಿ ಮಾಡಿದೆ. ಹೇಗೂ ರೀಸ್ಟಾರ್ಟ್ ಬೇಕಲ್ಲ ಎಂದು, ಯಾವ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಎಷ್ಟು ಸಲ ಓಡಿತು, ಎಷ್ಟು ಹೊತ್ತು ತಿಂದಿತು ಎಂದು ಲೆಕ್ಕ ಇಡುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಶನ್ ಅನ್ನೂ ಅದೇ ಏಟಿಗೆ ಸೇರಿಸಿದೆ. ಸಂಜೆಯ ಹೊತ್ತಿಗೆ ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ‘ಬಗೆಹರಿಯಿತು’ ಎಂದು ಬರೆದಿಟ್ಟೆ.

ಎರಡನೆಯ ಶನಿವಾರ

ಬಗೆಹರಿದಿರಲಿಲ್ಲ. ಬುಧವಾರದಿಂದಲೇ ಪುಟ ಮತ್ತೆ ಭಾರವಾಗುತ್ತಾ ಬಂದಿತ್ತು. ಈ ಸಲ ಯಾವ ಸೆಟ್ಟಿಂಗನ್ನೂ ಮುಟ್ಟದೆ ಮೊದಲು ಲೆಕ್ಕ ನೋಡಿದೆ. ಒಟ್ಟು ಸಮಯದ ಕ್ರಮದಲ್ಲಿ ಜೋಡಿಸಿದಾಗ ತಲೆಯ ಮೇಲೆ ಕೂತಿದ್ದದ್ದು ದೊಡ್ಡ ಟೇಬಲಿನ ಕ್ವೆರಿಯಲ್ಲ, ಆ 60 ಸಾಲಿನ ಟೇಬಲನ್ನು ಓದುವ ಒಂದೇ ಗೆರೆಯ ಸೆಲೆಕ್ಟ್.

ಕ್ವೆರಿ ಹೇಗೆ ಓಡಿತು ಎಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್‌ಗೆ, ಎಷ್ಟು ಪುಟ ಓದಿತು ಎಂದೂ ಹೇಳುವ ಬಫರ್ಸ್ ಆಯ್ಕೆ ಸೇರಿಸಿ ಅದನ್ನು ಓಡಿಸಿದೆ. ಇಲ್ಲಿ ಪುಟ ಎಂದರೆ ಪರದೆಯ ಪುಟವಲ್ಲ, ಟೇಬಲಿನ ಫೈಲಿನ 8 ಕೆಬಿ ತುಂಡು. ಸೀಕ್ವೆನ್ಶಿಯಲ್ ಸ್ಕ್ಯಾನ್ (ಟೇಬಲನ್ನು ಮೊದಲಿಂದ ಕೊನೆಯವರೆಗೆ ಓದುವುದು), ಸಿಕ್ಕ ಸಾಲು 60, ಓದಿದ ಪುಟ 57,600, ಎಲ್ಲವೂ ಮೆಮೊರಿಯಿಂದಲೇ. ಪುಟಕ್ಕೆ 8 ಕೆಬಿಯಂತೆ 450 ಎಂಬಿ! ಒಂದೇ ಪುಟದಲ್ಲಿ ಹಿಡಿಸುವ ಮಾಹಿತಿಗಾಗಿ ಸರ್ವರ್ ಪ್ರತಿ ಸಲವೂ ಇಷ್ಟನ್ನು ತಡಕಾಡುತ್ತಿತ್ತು. ಬರೀ ಸಮಯ ನೋಡಿದ್ದರೆ ಇದು ಕಾಣುತ್ತಿರಲಿಲ್ಲ. ಬಫರ್ಸ್ ಇಲ್ಲದ ಎಕ್ಸ್‌ಪ್ಲೇನ್ ನನ್ನ ಮಟ್ಟಿಗೆ ಅರ್ಧ ವರದಿ.

ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಇದ್ದ ಸಾಲನ್ನೇ ತಿದ್ದುವುದಲ್ಲ. ಹೊಸ ಪ್ರತಿ ಬರೆದು ಹಳೆಯದನ್ನು ಅಲ್ಲೇ ಬಿಡುತ್ತದೆ. ಆ ಹಳೆಯದು ಇನ್ನು ಯಾರಿಗೂ ಬೇಡ ಎಂದು ಖಾತ್ರಿಯಾದ ಮೇಲೆ ವ್ಯಾಕ್ಯೂಮ್ ಬಂದು ಗುಡಿಸುತ್ತದೆ. ಟೇಬಲುಗಳ ಲೆಕ್ಕ ತೋರಿಸುವ ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್‌ನಲ್ಲಿ ನೋಡಿದರೆ ಜೀವಂತ ಸಾಲು 60, ಸತ್ತ ಸಾಲು 43 ಲಕ್ಷ. ಹಾಗಾದರೆ ವ್ಯಾಕ್ಯೂಮನ್ನು ತಾನಾಗಿ ಓಡಿಸುವ ಆಟೊವ್ಯಾಕ್ಯೂಮ್ ನಿಂತುಹೋಗಿರಬೇಕು ಎಂದುಕೊಂಡರೆ, ಕೊನೆಯ ಸಲ ಓಡಿ ಒಂದು ನಿಮಿಷವೂ ಆಗಿರಲಿಲ್ಲ. ಇಷ್ಟು ಚಿಕ್ಕ ಟೇಬಲಿಗೆ 50ರ ಮೇಲೆ ಸಾಲುಗಳ ಶೇ. 20, ಅಂದರೆ ಸುಮಾರು 62 ಸತ್ತ ಸಾಲು ಸೇರಿದರೆ ಸಾಕು, ಅದರ ಸರದಿ ಬರುತ್ತದೆ. ನಿಮಿಷಕ್ಕೊಮ್ಮೆ ಬರುತ್ತಲೇ ಇತ್ತು, ಬರಿಗೈಲಿ ಹೋಗುತ್ತಿತ್ತು.

ಕಾರಣ ವಿವರವಾದ ವರದಿ ಕೊಡುವ ವ್ಯಾಕ್ಯೂಮ್ ವರ್ಬೋಸ್‌ನಲ್ಲಿ ಸಿಕ್ಕಿತು: ಸಾಲುಗಳು ಸತ್ತಿವೆ, ಆದರೆ ಈಗಲೇ ತೆಗೆಯುವಂತಿಲ್ಲ. ಯಾರೋ ಹಳೆಯ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಕೆಲಸಗಳ ಕಟ್ಟು) ಹಿಡಿದು ಕೂತಿದ್ದಾರೆ ಎಂದು ಸಾಮಾನ್ಯವಾಗಿ ಇದರ ಅರ್ಥ. ಈಗಿನ ಕನೆಕ್ಷನ್‌ಗಳನ್ನು ತೋರಿಸುವ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ಒಂದು ಕನೆಕ್ಷನ್ ‘ಐಡಲ್ ಇನ್ ಟ್ರಾನ್ಸಾಕ್ಷನ್’, ಅಂದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತ ಸ್ಥಿತಿಯಲ್ಲಿತ್ತು. ಶುರುವಾದದ್ದು ಮಂಗಳವಾರ ನಸುಕಿನ 2 ಗಂಟೆಗೆ.

ಅದು ನಾನೇ ಬರೆದ ರಾತ್ರಿ ಸಾರಾಂಶದ ಸ್ಕ್ರಿಪ್ಟು. ಟ್ರಾನ್ಸಾಕ್ಷನ್ ತೆರೆದು, ‘ಶುರುವಾಯಿತು’ ಎಂದು ಲಾಗ್ ಟೇಬಲಿಗೆ ಒಂದು ಸಾಲು ಬರೆದು, ಆಮೇಲೆ ಹೊರಗಿನ ಸರ್ವರ್ ಒಂದರಿಂದ ಮಾಹಿತಿ ಕೇಳುತ್ತದೆ. ಆ ಕರೆಗೆ ನಾನು ಟೈಮ್‌ಔಟ್ ಇಟ್ಟಿರಲಿಲ್ಲ. ಅಂದು ಉತ್ತರ ಬರಲಿಲ್ಲ, ಸ್ಕ್ರಿಪ್ಟ್ ಕಾಯುತ್ತಲೇ ಉಳಿಯಿತು. ಮುಂದಿನ ರಾತ್ರಿಗಳ ಓಟ ಸರಿಯಾಗಿಯೇ ಮುಗಿದಿದ್ದರಿಂದ ಅನುಮಾನ ಬರಲಿಲ್ಲ. ಅದು ಬರೆದದ್ದು ಬೇರೆಯೇ ಟೇಬಲಿಗೆ, ಆದರೂ ಪೆಟ್ಟು ಬಿದ್ದದ್ದು ಸ್ಥಿತಿಯ ಟೇಬಲಿಗೆ. ಎಲ್ಲಿಯವರೆಗಿನ ಹಳೆಯ ಪ್ರತಿಗಳನ್ನು ತೆಗೆಯಬಹುದು ಎಂಬ ಗಡಿ ಟೇಬಲಿಗೊಂದು ಇರುವುದಿಲ್ಲ, ಇಡೀ ಡೇಟಾಬೇಸಿನ ಮಾಮೂಲಿ ಟೇಬಲುಗಳಿಗೆಲ್ಲ ಒಂದೇ. ಸೆಕೆಂಡಿಗೆ 12 ಅಪ್‌ಡೇಟ್, ಹೆಚ್ಚುಕಡಿಮೆ ನೂರು ಗಂಟೆ: 43 ಲಕ್ಷ ಅಲ್ಲಿಗೇ ತಾಳೆಯಾಯಿತು.

ಕನೆಕ್ಷನ್ ಕಡಿದು ಕೈಯಾರೆ ವ್ಯಾಕ್ಯೂಮ್ ಮಾಡಿದೆ. ಸತ್ತ ಸಾಲು ಹೋದವು, ಫೈಲಿನ ಗಾತ್ರ ಮಾತ್ರ ಇಳಿಯಲಿಲ್ಲ. ಸಾಮಾನ್ಯ ವ್ಯಾಕ್ಯೂಮ್ ಖಾಲಿಯಾದ ಜಾಗವನ್ನು ಮರುಬಳಕೆಗೆ ಗುರುತು ಮಾಡುತ್ತದೆ, ಫೈಲಿನ ಬಾಲದಲ್ಲಿ ಪೂರ್ತಿ ಖಾಲಿ ಪುಟಗಳಿದ್ದರಷ್ಟೇ ಡಿಸ್ಕಿಗೆ ಹಿಂದಿರುಗಿಸುತ್ತದೆ. ಟೇಬಲನ್ನು ಹೊಸದಾಗಿ ಬರೆದು ಫೈಲನ್ನು ಕುಗ್ಗಿಸುವ ವ್ಯಾಕ್ಯೂಮ್ ಫುಲ್, ಅಷ್ಟು ಹೊತ್ತೂ ಟೇಬಲಿಗೆ ಪೂರ್ತಿ ಬೀಗ ಹಾಕುತ್ತದೆ. 60 ಸಾಲಿಗೆ ಅದೆಷ್ಟು ಹೊತ್ತು, ಮಾಡಿಯೇಬಿಟ್ಟೆ. ದೊಡ್ಡ ಟೇಬಲಿನ ಮೇಲೆ ಸುತರಾಂ ಮಾಡುತ್ತಿರಲಿಲ್ಲ.

ಭಾನುವಾರ

ಕಳೆದ ವಾರ ಪುಟ ಚುರುಕಾದದ್ದು ಯಾಕೆ ಎಂಬುದು ಈಗ ತಿಳಿಯಿತು. ಆಗಲೂ ಯಾವುದೋ ಕನೆಕ್ಷನ್ ಹೀಗೇ ನೇತಾಡುತ್ತಿದ್ದಿರಬೇಕು, ರೀಸ್ಟಾರ್ಟ್ ಅದನ್ನು ಕಡಿದುಹಾಕಿತ್ತು. ಆಮೇಲೆ ಆಟೊವ್ಯಾಕ್ಯೂಮ್ ಗುಡಿಸಿ, ಬಾಲದ ಖಾಲಿ ಪುಟಗಳನ್ನೂ ಹಿಂದಿರುಗಿಸಿರಬೇಕು. ಖಚಿತಪಡಿಸಿಕೊಳ್ಳಲು ಶೇರ್ಡ್ ಬಫರ್ಸ್ ಅನ್ನು ಮತ್ತೆ 128 ಎಂಬಿಗೆ ಇಳಿಸಿ ಅಳೆದೆ. ಪುಟದ ವೇಗ ಕದಲಲಿಲ್ಲ. 2 ಜಿಬಿಗೇ ಮರಳಿಸಿದ್ದೇನೆ, ದೊಡ್ಡ ಟೇಬಲಿಗೆ ಬೇಕಾದೀತು, ಆದರೆ ಈ ರೋಗಕ್ಕೆ ಅದು ಮದ್ದಾಗಿರಲಿಲ್ಲ.

ಸ್ಕ್ರಿಪ್ಟಿನಲ್ಲಿ ಹೊರಗಿನ ಕರೆ ಈಗ ಟ್ರಾನ್ಸಾಕ್ಷನ್ ತೆರೆಯುವ ಮೊದಲೇ ಮುಗಿಯುತ್ತದೆ, 30 ಸೆಕೆಂಡಿನ ಟೈಮ್‌ಔಟೂ ಇದೆ. ಸರ್ವರ್ ಕಡೆ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಶನ್ ಟೈಮ್‌ಔಟ್ 0, ಅಂದರೆ ಮಿತಿಯೇ ಇಲ್ಲದೆ ಇತ್ತು. 10 ನಿಮಿಷ ಮಾಡಿದೆ.

ಮುಂದಿನ ವಾರ ಸ್ಥಿತಿ ಟೇಬಲಿನ ಫಿಲ್‌ಫ್ಯಾಕ್ಟರ್ (ಪುಟವನ್ನು ಶೇಕಡಾ ಎಷ್ಟು ತುಂಬಬೇಕು ಎಂಬ ಮಿತಿ) 100ರಿಂದ 50ಕ್ಕೆ ಇಳಿಸಿ, ಎಷ್ಟು ಅಪ್‌ಡೇಟ್‌ಗಳ ಹೊಸ ಪ್ರತಿ ಅದೇ ಪುಟದೊಳಗೆ ಕೂರುತ್ತವೆ ಎಂದು ಎಣಿಸಬೇಕು. ಇವತ್ತು ರಾತ್ರಿಯ ಅಳತೆಯಲ್ಲಿ ಆ ಸೆಲೆಕ್ಟ್ ಓದಿದ್ದು 3 ಪುಟ.