ಯಾರ್ಲಬಾಂಕೆಯ ಕಲ್ಲು: ಮೂರನೆಯ ಪ್ರಯತ್ನ

ಅಂತೂ ಈ ಸಲ ಫೋಟೋಗಳಿಂದ ಕಟ್ಟಿದ ಮೂರು ಆಯಾಮದ ಮಾದರಿ ಹರಿದುಹೋಗದೆ ಕೂಡಿಕೊಂಡಿತು. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಟೇಬಿಯಲ್ಲಿ ಯಾರ್ಲಬಾಂಕೆ ಎಂಬಾತ ನಿಲ್ಲಿಸಿದ ರೂನ್ (ಸ್ಕ್ಯಾಂಡಿನೇವಿಯದ ಹಳೆಯ ಲಿಪಿ) ಶಾಸನ, ಶಾಸನಪಟ್ಟಿಯಲ್ಲಿ ಉಪ್ಲಾಂಡ್ 164, ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಎತ್ತ ಬೇಕಾದರೂ ತಿರುಗುತ್ತದೆ.

ಮೊದಲ ಸಲ ಹೋದದ್ದು ಒಳ್ಳೆಯ ಬಿಸಿಲಿನಲ್ಲಿ. ಕಲ್ಲಿಗೆ ಸುತ್ತು ಬರುವಷ್ಟರಲ್ಲಿ ನೆರಳು ಜರುಗಿ, ಚಿತ್ರಗಳು ಒಂದಕ್ಕೊಂದು ಹೊಂದಲಿಲ್ಲ. ಎರಡನೆಯ ಸಲ ಮಳೆ ನಿಂತ ಕೂಡಲೇ ಓಡಿದೆ. ಒದ್ದೆ ಕಲ್ಲಿನ ಹೊಳಪು ಎಲ್ಲವನ್ನೂ ಕೆಡಿಸಿತು. ಮೊನ್ನೆ ಮೋಡವಿತ್ತು, ಕಲ್ಲು ಒಣಗಿತ್ತು. ಮೂರು ಎತ್ತರಗಳಿಂದ 146 ಚಿತ್ರ ತೆಗೆದೆ, ಪ್ರತಿಯೊಂದೂ ಹಿಂದಿನದರ ಮುಕ್ಕಾಲು ಭಾಗವನ್ನು ಒಳಗೊಳ್ಳುವಂತೆ. ಅಳತೆಪಟ್ಟಿಯನ್ನು ನೆಲದ ಮೇಲಿಟ್ಟೆ. ನಮ್ಮ ಕಡೆ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ನನ್ನ ವಿಧಾನದಲ್ಲಿ ಕಲ್ಲಿಗೆ ಬೆರಳೂ ತಾಗುವುದಿಲ್ಲ. ಮೆಶ್‌ರೂಮ್ ತಂತ್ರಾಂಶ ಈ ಚಿತ್ರಗಳನ್ನು ಹೊಂದಿಸಿ ಮಾದರಿ ಕಟ್ಟುತ್ತ ರಾತ್ರಿಯಿಡೀ ಓಡಿತು.

ಈ ಶ್ರಮವೆಲ್ಲ ಕೆಂಪು ಬಣ್ಣದ ದೆಸೆಯಿಂದ. ನೋಡುವವರಿಗೆ ಅಕ್ಷರ ಎದ್ದು ಕಾಣಲೆಂದು ಗೆರೆಗಳಿಗೆ ಈ ಕಾಲದವರು ಬಣ್ಣ ತುಂಬಿದ್ದಾರೆ. ಆದರೆ ನಾವು ಆಗ ಓದುವುದು ಬಣ್ಣ ಬಳಿದವರ ಓದನ್ನು. ಮಾದರಿಯಿಂದ ಬಣ್ಣ ಕಳೆದು, ಒಂದು ಬದಿಯಿಂದ ಕೃತಕ ಬೆಳಕು ಬಿಟ್ಟರೆ ಉಳಿಯುವುದು ಉಳಿಯ ಗೆರೆ ಮಾತ್ರ. ಹಾಗೆ ನೋಡುವಾಗ ಯಾರೂ ಗುರುತಿಸದ ಗೀಟೊಂದು ಸಿಕ್ಕಿತೆಂದು ಹಿಗ್ಗಿದೆ. ಮೂಲ ಚಿತ್ರ ತೆರೆದರೆ ಅದು ಕಲ್ಲುಹೂವಿನ ಅಂಚು!

ಕಲ್ಲು ಹೇಳುವುದು ಇಷ್ಟು: ಯಾರ್ಲಬಾಂಕೆ ತಾನು ಬದುಕಿದ್ದಾಗಲೇ ತನ್ನ ನೆನಪಿಗಾಗಿ ಈ ಕಲ್ಲುಗಳನ್ನು ನಿಲ್ಲಿಸಿದನು, ತನ್ನ ಆತ್ಮಕ್ಕಾಗಿ ಈ ಸೇತುವೆ ಮಾಡಿಸಿದನು, ಟೇಬಿಯೆಲ್ಲ ಅವನೊಬ್ಬನದೇ ಆಗಿತ್ತು, ದೇವರು ಅವನ ಆತ್ಮಕ್ಕೆ ನೆರವಾಗಲಿ. ನಮ್ಮಲ್ಲಿ ವೀರಗಲ್ಲು ಬೇಕಾದರೆ ಮೊದಲು ಸಾಯಬೇಕು. 11ನೇ ಶತಮಾನದ ಈ ಪುಣ್ಯಾತ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ, ಉತ್ತರಾಧಿಕಾರಿಗಳ ಮೇಲೆ ನಂಬಿಕೆಯೂ ಇದ್ದಂತಿಲ್ಲ. ಸೇತುವೆಯೆಂದರೆ ಜೌಗು ನೆಲದ ಮೇಲೆ ಹಾಕಿಸಿದ ಏರಿದಾರಿ.

ಪಠ್ಯವನ್ನು ಮೂರು ಪದರಗಳಲ್ಲಿ ಉಳಿಸುತ್ತಿದ್ದೇನೆ: ರೂನ್ ಅಕ್ಷರ, ಲಿಪ್ಯಂತರ, ಅರ್ಥ. ಯೂನಿಕೋಡಿನಲ್ಲಿ ರೂನ್‌ಗಳು 1999ರಿಂದಲೇ ಇವೆ. ತೊಡಕಿರುವುದು ಲಿಪಿಯಲ್ಲೇ: 16 ಅಕ್ಷರಗಳಲ್ಲಿ ಇಡೀ ಭಾಷೆ ಬರೆಯಬೇಕಾದ್ದರಿಂದ ಒಂದೇ ಗುರುತು ಕ ಆಗಬಹುದು, ಗ ಆಗಬಹುದು. ಉಪ್ಸಲಾ ವಿಶ್ವವಿದ್ಯಾಲಯದ ರೂನ್ ದತ್ತಸಂಚಯದ ಓದಿನೊಂದಿಗೆ ಸಾಲುಸಾಲಾಗಿ ತಾಳೆ ನೋಡುತ್ತಿದ್ದೇನೆ.

ಯಾರ್ಲಬಾಂಕೆಯ ಇದೇ ಏರಿದಾರಿಗೆ ಸೇರಿದ್ದ ಇನ್ನೊಂದು ಕಲ್ಲು ಈಗ ಡಾಂಡರಿಡ್ ಚರ್ಚಿನಲ್ಲಿದೆ. ಮುಂದಿನ ಶನಿವಾರ ಮೋಡ ಕವಿದರೆ ಅತ್ತ ಹೊರಡುತ್ತೇನೆ.