ನಂದಿ ಬೆಟ್ಟಕ್ಕಿಂತ ಎತ್ತರದ ಸೀಟು: ಒತ್ತಡದ ಡಬ್ಬಿ ಎಲ್ಲಿಗೆ ಬಂತು

ಗಾಳಿಯ ಒತ್ತಡ ಅಳೆದು ಬರೆದಿಡುವ ನನ್ನ ಡಬ್ಬಿ ಸಿದ್ಧವಾಗಿದೆ. ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, ಒತ್ತಡ ಅಳೆಯುವ ಬಿಎಂಪಿ280 ಸೆನ್ಸರ್, ಎಸ್‌ಡಿ ಕಾರ್ಡ್ ಮಾಡ್ಯೂಲ್ ಮೂರನ್ನೂ ಪ್ಲಾಸ್ಟಿಕ್ ಟಿಫನ್ ಬಾಕ್ಸಿನಲ್ಲಿ ಕೂರಿಸಿ, ಗಾಳಿಯಾಡಲಿ ಅಂತ ಮುಚ್ಚಳಕ್ಕೆ ತೂತು ಹೊಡೆದಿದ್ದೇನೆ. ಪವರ್ ಬ್ಯಾಂಕ್ ಕೈಬಿಟ್ಟೆ. ಇಷ್ಟು ಸಣ್ಣ ಸರ್ಕ್ಯೂಟ್ ಎಳೆಯುವ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ, ಸುಮ್ಮನೆ ಆಫ್ ಆಗಿಬಿಡುತ್ತದೆ. ಪೆನ್ಸಿಲ್ ಸೆಲ್ಲೇ ವಾಸಿ. ವಿಮಾನದೊಳಗೆ ಕೂತವರ ಮೈ ಎಷ್ಟು ಎತ್ತರದ ಗಾಳಿಯಲ್ಲಿರುತ್ತದೆ ಅಂತ ಅಳೆಯಬೇಕು ಅನ್ನುವುದೇ ಈ ಕೆಲಸದ ಹಿಂದಿನ ಆಸೆ.

ಮೊದಲು ಚಿಕ್ಕಬಳ್ಳಾಪುರದ ಮನೆಯಲ್ಲೇ ಓಡಿಸಿ ನೋಡಿದೆ. ಸಮುದ್ರಮಟ್ಟದ ಸರಾಸರಿ ಒತ್ತಡ 1013 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ). ನಮ್ಮೂರಲ್ಲಿ ಅದು 910ರ ಆಸುಪಾಸು. ಅಂದರೆ ನಾವು ಹುಟ್ಟಿದಾಗಿನಿಂದ ಉಸಿರಾಡುತ್ತಿರುವುದೇ ಹತ್ತನೇ ಒಂದು ಪಾಲು ತೆಳುವಾದ ಗಾಳಿ. ಗ್ರಾಫ್‌ನಲ್ಲಿ ಇನ್ನೊಂದು ತಮಾಷೆ ಸಿಕ್ಕಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಒತ್ತಡ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರು ಹೆಕ್ಟೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ, ರಾತ್ರಿ ಮತ್ತೆ ಏರುತ್ತದೆ. ಬಿಸಿಲಿಗೆ ವಾತಾವರಣವೇ ದಿನಕ್ಕೆರಡು ಸಲ ಉಬ್ಬರವಿಳಿತ ಆಡುತ್ತದೆ, ಉಷ್ಣವಲಯದಲ್ಲಿ ಇದು ಎದ್ದು ಕಾಣುತ್ತದೆ. ಇಲ್ಲಿ ಒತ್ತಡ ಒಂದು ಹೆಕ್ಟೊಪ್ಯಾಸ್ಕಲ್ ಇಳಿಯಿತು ಅಂದರೆ ಒಂಬತ್ತು ಚಿಲ್ಲರೆ ಮೀಟರ್ ಮೇಲೇರಿದ ಲೆಕ್ಕ. ಹಾಗಾಗಿ ಸೆನ್ಸರ್ ಮಾತು ನಂಬಿದರೆ ನಮ್ಮ ಮನೆ ಸಂಜೆಯ ಹೊತ್ತಿಗೆ ಇಪ್ಪತ್ತೈದು ಮೀಟರಿಗೂ ಮೇಲಕ್ಕೆ ಹೋಗಿರುತ್ತದೆ! ಅದಕ್ಕೇ ಇನ್ನೊಂದು ಸೆನ್ಸರ್ ತಂದು ಮನೆಯಲ್ಲೇ ಬಿಟ್ಟಿದ್ದೇನೆ, ಎತ್ತರದ ಲೆಕ್ಕವೆಲ್ಲ ಅದರ ಜೊತೆ ಹೋಲಿಸಿಯೇ.

ಆಮೇಲೆ ನಂದಿ ಬೆಟ್ಟ. 1478 ಮೀಟರ್. ಭಾನುವಾರದ ಟ್ರಾಫಿಕ್‌ನ ಸುದ್ದಿ ಬೇಡ, ವಾರದ ಮಧ್ಯೆ ಬೈಕಿನಲ್ಲಿ ಹೋದೆ. ಮೇಲೆ 855 ಬಂತು, ಲೆಕ್ಕಕ್ಕೆ ಸರಿಯಾಗಿಯೇ ಇದೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಅಂತ ತೋರಿಸುವ, ಬೆರಳಿಗೆ ಹಾಕುವ ಆಕ್ಸಿಮೀಟರೂ ಒಯ್ದಿದ್ದೆ. ಮನೆಯಲ್ಲಿ 97 ತೋರಿಸಿದ್ದು ಮೇಲೆ 96 ತೋರಿಸಿತು. ಎರಡು ಅಂಶ ಹೆಚ್ಚುಕಮ್ಮಿ ತೋರಿಸುವ ಯಂತ್ರದಲ್ಲಿ ಇದು ಬದಲಾವಣೆಯೇ ಅಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಸ್ವಭಾವವೇ ಹಾಗೆ. ಮೇಲೇರಿದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21 ಆಗಿಯೇ ಉಳಿಯುತ್ತದೆ, ಕುಗ್ಗುವುದು ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ. ಆ ಒತ್ತಡ ಸ್ವಲ್ಪ ತಗ್ಗಿದರೂ ಹಿಮೋಗ್ಲೋಬಿನ್ ತನ್ನ ಪಾಲು ಬಿಡುವುದಿಲ್ಲ. ಪ್ರಮಾಣ 90ಕ್ಕಿಂತ ಕೆಳಗೆ ಜಾರಿತೋ, ಅಲ್ಲಿಂದಾಚೆಗೆ ಇಳಿತ ಬಲು ಕಡಿದು.

ಈಗ ಮುಖ್ಯ ವಿಷಯ. ಫೆಬ್ರವರಿಯಲ್ಲಿ ಅಕ್ಕನ ಮಗಳು ದೇವನಹಳ್ಳಿಯಿಂದ ದೆಹಲಿಗೆ ಹೊರಟಳು. ತಂತಿ, ಸೆಲ್ ತುಂಬಿದ ಟಿಫನ್ ಬಾಕ್ಸನ್ನು ಸೆಕ್ಯೂರಿಟಿ ಚೆಕ್‌ಗೆ ಕಳಿಸುವ ಧೈರ್ಯ ನನಗಿಲ್ಲ. ಅವಳ ಫೋನಿನಲ್ಲೇ ಬ್ಯಾರೋಮೀಟರ್ ಇತ್ತು. ಅದನ್ನು ಒಂದು ರಾತ್ರಿ ಡಬ್ಬಿಯ ಪಕ್ಕ ಇಟ್ಟು ತಾಳೆ ನೋಡಿ, ರೆಕಾರ್ಡ್ ಮಾಡುವ ಆಪ್ ಹಾಕಿಕೊಟ್ಟೆ. ಫ್ಲೈಟ್ ಮೋಡಿನಲ್ಲೂ ಅದು ನಡೆಯುತ್ತದೆ.

ಫೈಲ್ ಬಂದ ರಾತ್ರಿಯೇ ಗ್ರಾಫ್ ಹಾಕಿದೆ. ಹೊರಗೆ 36,000 ಅಡಿಯಲ್ಲಿ ಒತ್ತಡ 227ರಷ್ಟಿರುತ್ತದೆ. ಒಳಗೆ ಫೋನ್ ಬರೆದದ್ದು 770, ಅಂದರೆ 2250 ಮೀಟರ್. ಊಟಿಯ ಎತ್ತರ! ನಂದಿಯ ತುದಿಗಿಂತ ಮುಕ್ಕಾಲು ಕಿಲೋಮೀಟರ್ ಮೇಲೆ ಕೂತು ಹುಡುಗಿ ದೆಹಲಿ ತಲುಪಿದ್ದಾಳೆ. ಕ್ಯಾಬಿನ್ನಿನ ಗಾಳಿ 8,000 ಅಡಿಯ ಮಟ್ಟಕ್ಕಿಂತ ತೆಳುವಾಗದಂತೆ ವಿಮಾನಗಳನ್ನು ಕಟ್ಟುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350ರಂಥವುಗಳಲ್ಲಿ ಇದು 6,000 ಅಡಿ, ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ. ನೆಲದ ಮಟ್ಟದ ಒತ್ತಡವನ್ನೇ ಒಳಗೆ ತುಂಬಬಹುದಲ್ಲ ಅಂತ ಅವಳು ಕೇಳಿದಳು. ತುಂಬಿದರೆ ವಿಮಾನದ ಗೋಡೆ ಅಷ್ಟೂ ಬಲವನ್ನು ಪ್ರತಿ ಹಾರಾಟದಲ್ಲೂ ತಡೆಯಬೇಕು, ಅದಕ್ಕೆ ಗೋಡೆ ದಪ್ಪವಾಗಬೇಕು, ತೂಕ ಏರುತ್ತದೆ.

8,000 ಅಡಿಯ ಗಾಳಿಯಲ್ಲಿ ಆರೋಗ್ಯವಂತರ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ನಾಲ್ಕು ಅಂಶ ಕುಸಿಯುತ್ತದೆ. ಸುಮ್ಮನೆ ಕೂತಿದ್ದವರಿಗೆ ಅದು ಸುಸ್ತಾಗಿಯೋ ತಲೆಭಾರವಾಗಿಯೋ ಕಾಣಬಹುದು. ಶ್ವಾಸಕೋಶದ ಕಾಯಿಲೆ ಇರುವವರು ಹೊರಡುವ ಮುಂಚೆ ಡಾಕ್ಟರನ್ನು ಕೇಳಬೇಕಾದದ್ದೂ ಇದಕ್ಕೇ. ಹೊಟ್ಟೆಯೊಳಗಿನ ಗಾಳಿ ನಮ್ಮೂರಿಗೆ ಹೋಲಿಸಿದರೆ ಐದನೇ ಒಂದು ಪಾಲು ಹಿಗ್ಗುತ್ತದೆ. ಅವರೆಕಾಳಿನ ಸಾರು ಉಂಡು ವಿಮಾನ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು ಗ್ರಾಫಿನ ಎರಡು ತುದಿಗಳು. ಏರುವಾಗ 911ರಿಂದ 770ಕ್ಕೆ ಬಂತು, 141ರ ವ್ಯತ್ಯಾಸ. ದೆಹಲಿಗೆ ಇಳಿಯುವಾಗ 770ರಿಂದ 985ಕ್ಕೆ, 215. ನಾವು ಬಯಲುಸೀಮೆಯ ಎತ್ತರದವರು, ಹತ್ತುವಾಗ ಅರ್ಧಕ್ಕೆ ಹತ್ತಿರದಷ್ಟು ದಾರಿ ಮೊದಲೇ ಏರಿರುತ್ತೇವೆ. ಕೆಳಗಿನ ಊರಿಗೆ ಇಳಿಯುವಾಗ ಪೂರ್ತಿ ಇಳಿಯಬೇಕು. ಅವಳೂ ಅದನ್ನೇ ಹೇಳಿದ್ದು: "ಹತ್ತೋವಾಗ ಏನೂ ಗೊತ್ತಾಗ್ಲಿಲ್ಲ ಮಾವ, ಇಳಿಯೋವಾಗ ಕಿವಿ ಪ್ರಾಣ ಹಿಂಡ್ತು." ನೆಗಡಿ ಬೇರೆ ಇತ್ತು. ಕಿವಿಯ ನಡುಭಾಗದಿಂದ ಗಂಟಲಿನ ಹಿಂದಕ್ಕೆ ಹೋಗುವ ಯುಸ್ಟೇಷಿಯನ್ ನಾಳ ಸೈಕಲ್ ವಾಲ್ವಿನ ಹಾಗೆ ಒಂದು ದಿಕ್ಕಿಗೆ ಮಾತ್ರ ಸಲೀಸು. ಒಳಗಿನ ಗಾಳಿ ಹಿಗ್ಗಿ ತಾನಾಗಿ ಹೊರಬರುತ್ತದೆ, ಹೊರಗಿನದು ಒಳಹೋಗಲು ನುಂಗಬೇಕು, ಆಕಳಿಸಬೇಕು. ಶೀತದಿಂದ ಆ ನಾಳ ಊದಿಕೊಂಡಿದ್ದರೆ ಅದೂ ಕಷ್ಟ.

ಒಳಗಿನ 770 ಮತ್ತು ಹೊರಗಿನ 227ರ ನಡುವಿನ ಅಂತರ ಹೋದರೆ ಏನಾಗುತ್ತದೆ? 35,000 ಅಡಿಯಲ್ಲಿ ಬುದ್ಧಿ ನೆಟ್ಟಗಿರುವುದು ಅರ್ಧದಿಂದ ಒಂದು ನಿಮಿಷ. 2005ರ ಆಗಸ್ಟ್ 14ರಂದು ಸೈಪ್ರಸ್ಸಿನ ಹೀಲಿಯೋಸ್ ಕಂಪನಿಯ 522 ನಂಬರಿನ ವಿಮಾನದಲ್ಲಿ ಕ್ಯಾಬಿನ್ನಿಗೆ ಒತ್ತಡ ತುಂಬುವ ಸ್ವಿಚ್ಚು ಆಟೋಗೆ ಬಾರದೆ ಮ್ಯಾನುಯಲ್‌ನಲ್ಲೇ ಉಳಿದಿತ್ತು. ಪೈಲಟ್‌ಗಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪಿತು, ಕೊನೆಗೆ ಗ್ರೀಸ್‌ನಲ್ಲಿ ವಿಮಾನ ಬಿದ್ದು 121 ಜನ ಸತ್ತರು. ಆಮ್ಲಜನಕ ಕಡಿಮೆಯಾದ ಮೆದುಳಿಗೆ ತನಗೇನೋ ಆಗಿದೆ ಅಂತಲೇ ತಿಳಿಯುವುದಿಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಂಥ ಕಡೆ ವಾಯುಪಡೆಯ ಪೈಲಟ್‌ಗಳನ್ನು ಒತ್ತಡ ತಗ್ಗಿಸುವ ಕೋಣೆಯಲ್ಲಿ ಕೂರಿಸಿ ತಮ್ಮ ಲಕ್ಷಣಗಳನ್ನು ಗುರುತಿಸಲು ಕಲಿಸುವುದು ಇದೇ ಕಾರಣಕ್ಕೆ. ನಮ್ಮಂಥವರು "ನಿಮ್ಮ ಮಾಸ್ಕ್ ಮೊದಲು ಹಾಕಿಕೊಳ್ಳಿ" ಅನ್ನುವ ಮಾತು ಕೇಳಿಸಿಕೊಂಡರೆ ಸಾಕು.

ಬಾಕಿ ಇರುವುದು ಬೆರಳಿನ ರೀಡಿಂಗ್. ಆಕ್ಸಿಮೀಟರ್ ಕೊರಿಯರ್ ಮಾಡಿದ್ದೇನೆ. ವಾಪಸ್ ಬರುವಾಗ ದೆಹಲಿಯಲ್ಲಿ ಒಂದು, ಮೇಲೆ ಹೋಗಿ ಅರ್ಧ ಗಂಟೆ ಆದ ಮೇಲೆ ಒಂದು. ನೇಲ್ ಪಾಲಿಶ್ ಇದ್ದರೆ ರೀಡಿಂಗ್ ಕೆಡುತ್ತದೆ, ತೆಗೆದಿರು ಅಂದೆ.

"ಒಂದು ಬೆರಳಿಂದು ತೆಗೆದ್ರೆ ಸಾಕಲ್ವಾ ಮಾವ?"

ಸಾಕು.