ಸೈತಾನನ ಸೇತುವೆ ನೋಡೋಕೆ ರೈಲನ್ನು ನಂಬಬೇಡಿ

ರೂಮಿನ ವಿವರದಲ್ಲಿ ‘ಕಮರಿಯ ನೋಟ’ ಎಂದು ಬರೆದಿದ್ದರು. ರಾತ್ರಿಗೆ 210 ಫ್ರಾಂಕ್. ಆಂಡರ್‌ಮಾಟ್ ತಲುಪಿ ಪರದೆ ಸರಿಸಿದರೆ ಕಂಡಿದ್ದು ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲಿ ಎರಡು ಕಸದ ಡಬ್ಬ. “ಏನೋ, ಇದಕ್ಕಾ ಇಷ್ಟು ದುಡ್ಡು ಸುರಿದಿದ್ದು?” ಅಂದಳು ಅಕ್ಕ. ಕೆಳಗೆ ಹೋಗಿ ಕೇಳಿದೆ. ಕಮರಿ ಆ ದಿಕ್ಕಿನಲ್ಲೇ ಇದೆ ಎಂದು ನಗುನಗುತ್ತಾ ಕೈ ತೋರಿಸಿದರು. ದುಡ್ಡು ವಾಪಸ್ ಬರಲಿಲ್ಲ.

ತಪ್ಪು ನನ್ನದೂ ಇತ್ತು. ನಕ್ಷೆ ಸರಿಯಾಗಿ ನೋಡಿರಲಿಲ್ಲ. ಸ್ವಿಟ್ಜರ್ಲೆಂಡಿನ ಆಂಡರ್‌ಮಾಟ್ ಇರುವುದು ಅಗಲವಾದ, ಬಯಲಿನಂಥ ಕಣಿವೆಯಲ್ಲಿ. ಷೋಲನೆನ್ ಕಮರಿ ಶುರುವಾಗುವುದು ಊರು ದಾಟಿದ ಮೇಲೆ, ಬಂಡೆಯ ಮರೆಯಲ್ಲಿ. ಹಾಗಾಗಿ ಕಮರಿಗೋಸ್ಕರ ಹೋಗುವವರು ಅಲ್ಲಿ ಉಳಿಯಲೇಬೇಕೆಂದಿಲ್ಲ. ಕೆಳಗಿನ ಆಲ್ಟ್‌ಡಾರ್ಫ್ ಕಡೆ ರೂಮು ಹಿಡಿದು ಬೆಳಿಗ್ಗೆ ರೈಲಿನಲ್ಲಿ ಬಂದರೆ ಸಾಕು.

ಕಮರಿಯ ಕೆಳತುದಿಯ ಊರು ಗೋಷೆನೆನ್‌ನಿಂದ ಮೇಲೆ ಆಂಡರ್‌ಮಾಟ್‌ಗೆ ಹಲ್ಲುಚಕ್ರದ ಪುಟ್ಟ ರೈಲಿದೆ. 1917ರಿಂದ ಓಡುತ್ತಿದೆ. ಬಹಳ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳಿದ್ದರು. ಆದರೆ ದಾರಿಯಲ್ಲಿ ಸುರಂಗ, ಹಿಮಪಾತದಿಂದ ಕಾಪಾಡುವ ಕಾಂಕ್ರೀಟ್ ಮಾಡು, ಮತ್ತೆ ಸುರಂಗ. ನಾನು ಫೋನ್ ಹೊರಗೆ ತೆಗೆಯುವಷ್ಟರಲ್ಲಿ ಸೇತುವೆ ಹಿಂದೆ ಹೋಗಿತ್ತು. ರೈಲಿನಲ್ಲಿ ಹತ್ತಿ, ನಡೆದು ಇಳಿಯಿರಿ. ಇಳಿಜಾರು ಮುನ್ನೂರು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಕ್ಕನ ಮೊಣಕಾಲು ನೋವಿಗೂ ಎರಡು ಗಂಟೆ ಸಾಕಾಯಿತು. ನಾವು ಹೋಗಿದ್ದು ಸೆಪ್ಟೆಂಬರಿನಲ್ಲಿ. ಹಿಮ ಬೀಳುವ ತಿಂಗಳುಗಳಲ್ಲಿ ಈ ಕಾಲುದಾರಿಯ ಆಸೆ ಬೇಡ.

ಬಯಲಿನಂಥ ಕಣಿವೆ ಇದ್ದಕ್ಕಿದ್ದಂತೆ ಬಾಗಿಲಷ್ಟು ಕಿರಿದಾಗುತ್ತದಲ್ಲ, ಅದೇ ನನಗೆ ವಿಚಿತ್ರ ಅನಿಸಿದ್ದು. ಕಾರಣ ಕಲ್ಲು. ಆಂಡರ್‌ಮಾಟ್ ಕೆಳಗಿರುವುದು ಮೆತ್ತನೆ ಪದರಗಲ್ಲು. ಹಿಮನದಿ ಅದನ್ನು ಸುಲಭವಾಗಿ ಕೆರೆದು ಅಗಲ ಮಾಡಿತು. ಅದರ ಉತ್ತರಕ್ಕೆ ಸುಮಾರು 30 ಕೋಟಿ ವರ್ಷ ಹಳೆಯ ಗಟ್ಟಿ ಗ್ರಾನೈಟ್. ಅಲ್ಲಿ ಹಿಮದ ಆಟ ಅಷ್ಟಾಗಿ ನಡೆಯಲಿಲ್ಲ. ರಾಯ್ಸ್ ನದಿ ಸೀಳಿದಷ್ಟೇ ದಾರಿ. ಇದೇ ಮೆತ್ತನೆ ಕಲ್ಲು 1882ರಲ್ಲಿ ತೆರೆದ 15 ಕಿ.ಮೀ. ಉದ್ದದ ಗೊಟ್ಹಾರ್ಡ್ ರೈಲು ಸುರಂಗ ಕೊರೆಯುವವರನ್ನೂ ಸತಾಯಿಸಿತ್ತು. ಆಂಡರ್‌ಮಾಟ್‌ನ ಅಡಿಯಲ್ಲಿ ಒತ್ತಡಕ್ಕೆ ಗೋಡೆಗಳೇ ಬಿರಿಯುತ್ತಿದ್ದವಂತೆ.

ಹಳೇ ಕಾಲದಲ್ಲಿ ಇಲ್ಲಿ ಬಂಡೆಗೆ ಸರಪಳಿಯಿಂದ ನೇತುಹಾಕಿದ ಹಲಗೆಯ ಮೇಲೆ, ಕೆಳಗೆ ನದಿ ಭೋರ್ಗರೆಯುವಾಗ, ಹೇಸರಗತ್ತೆ ಹೊಡೆದುಕೊಂಡು ಹೋಗುತ್ತಿದ್ದರು. 1708ರಲ್ಲಿ ಪಿಯೆತ್ರೋ ಮೊರೆತ್ತಿನಿ ಎಂಬಾತ ಬಂಡೆಯನ್ನೇ ಕೊರೆದು 64 ಮೀಟರ್ ಸುರಂಗ ಮಾಡಿದ ಮೇಲೆ ಆ ಹಲಗೆಯ ಕಾಟ ತಪ್ಪಿತು. ಅದರ ಹೆಸರು ಉರ್ನರ್‌ಲೋಖ್. ಈಗ ಅಗಲ ಮಾಡಿ ವಾಹನ ಬಿಟ್ಟಿದ್ದಾರೆ.

ಅಲ್ಲಿಂದ ಸ್ವಲ್ಪ ಕೆಳಗೆ ಸೈತಾನನ ಸೇತುವೆ. ಒಂದರ ಮೇಲೊಂದು ಎರಡು ಕಮಾನು. ಕೆಳಗಿನದು 1830ರದ್ದು, ಮೇಲಿನದು 1958ರದ್ದು. ಹಳೇ ಸೇತುವೆ ಎರಡೂ ಅಲ್ಲ! 1595ರಲ್ಲಿ ಕಟ್ಟಿದ ಕಲ್ಲಿನ ಸೇತುವೆ 1888ರಲ್ಲಿ ಕುಸಿದುಬಿತ್ತು. ಫೋಟೊ ನೋಡಿ ಇದೇ ಪುರಾತನ ಸೇತುವೆ ಅಂದುಕೊಂಡಿದ್ದ ನನಗೆ ಮುಖ ಸಪ್ಪಗಾಯಿತು. ಪಕ್ಕದ ಬಂಡೆಯಲ್ಲಿ ದೊಡ್ಡ ಶಿಲುಬೆ ಕೆತ್ತಿದ್ದಾರೆ. 1799ರ ಸೆಪ್ಟೆಂಬರ್ 25ರಂದು ಇಲ್ಲಿ ಫ್ರೆಂಚರ ಜೊತೆ ಕಾದಾಡಿದ ಸೇನಾಪತಿ ಸುವೊರೊವ್‌ನ ರಷ್ಯನ್ ಸೈನಿಕರ ನೆನಪಿಗೆ ಅದು. ಭಾನುವಾರ ಮಾತ್ರ ಬರಬೇಡಿ. ಮೋಟಾರ್‌ಸೈಕಲ್‌ಗಳ ಸದ್ದಿಗೆ ನದಿಯ ಸದ್ದೇ ಕೇಳಿಸಲಿಲ್ಲ. ನನಗಂತೂ ತಲೆ ಸಿಡಿಯಿತು.

ಸೇತುವೆಗೆ ಈ ಹೆಸರು ಬಂದ ಕಥೆ ಹೀಗೆ. ಎಷ್ಟು ಸಲ ಕಟ್ಟಿದರೂ ಸೇತುವೆ ನಿಲ್ಲುತ್ತಿರಲಿಲ್ಲ. ಬೇಸತ್ತ ಊರಿ ಪ್ರಾಂತ್ಯದ ಮುಖಂಡ, “ಇನ್ನು ಸೈತಾನನೇ ಬಂದು ಕಟ್ಟಲಿ” ಅಂದ. ಸೈತಾನ ಬಂದೇಬಿಟ್ಟ. ಮೊದಲು ದಾಟುವ ಜೀವ ನನಗೆ ಕೊಡಬೇಕು ಅಂದ. ಮೂರು ದಿನದಲ್ಲಿ ಸೇತುವೆ ಎದ್ದಿತು. ಊರವರು ಒಂದು ಹೋತವನ್ನು ಅಟ್ಟಿದರು. ನಮ್ಮ ಕಡೆ ಕೆರೆಕಟ್ಟೆ ನಿಲ್ಲಲು ಬಲಿ ಕೊಟ್ಟ ಕಥೆಗಳಲ್ಲಿ ಸೊಸೆ ಸಾಯುತ್ತಾಳೆ, ಇಲ್ಲಿ ಹೋತದಲ್ಲೇ ಮುಗಿಸಿದರು ಅಂತ ಅಕ್ಕನಿಗೆ ಬಲು ಖುಷಿ. ಸೇತುವೆ ಹತ್ತಿರದ ಬಂಡೆಯ ಮೇಲೆ ಕೆಂಪು ಸೈತಾನ ಮತ್ತು ಹೋತದ ಚಿತ್ರವಿದೆ, ಹೈನ್ರಿಖ್ ಡಾನಿಯೊತ್ 1950ರಲ್ಲಿ ಬರೆದದ್ದು.

ಮೋಸಹೋದ ಸೈತಾನ ಸೇತುವೆ ಒಡೆಯಲು ಬಂಡೆ ಹೊತ್ತು ತಂದನಂತೆ. ದಾರಿಯಲ್ಲಿ ಒಬ್ಬ ಅಜ್ಜಿ ಅದರ ಮೇಲೆ ಶಿಲುಬೆ ಗೀಚಿದ್ದಕ್ಕೆ ಅಲ್ಲೇ ಬಿಟ್ಟು ಹೋದ. ಆ ಬಂಡೆ ಗೋಷೆನೆನ್‌ನಲ್ಲಿದೆ, ಮರೆಯದೆ ನೋಡಿ. ತೂಕ ಸುಮಾರು 220 ಟನ್. ಹೆದ್ದಾರಿಗೆ ಅಡ್ಡ ಬಂತೆಂದು 1977ರಲ್ಲಿ ಮೂರು ಲಕ್ಷ ಫ್ರಾಂಕ್ ಖರ್ಚು ಮಾಡಿ 127 ಮೀಟರ್ ಸರಿಸಿದರು. ಸೈತಾನನೇ ಬಿಟ್ಟುಹೋದ ಕಲ್ಲು ನೋಡಿ!

ಇಳಿದ ಮೇಲೆ ಊಟ ಗೋಷೆನೆನ್‌ನಲ್ಲೇ ಮಾಡಿ. ನಾಲ್ಕೇ ಮೇಜಿನ ಒಂದು ಚಿಕ್ಕ ಜಾಗದಲ್ಲಿ ಆಲ್ಪ್‌ಲರ್‌ಮಾಗ್ರೋನನ್ ತಿಂದೆವು. ಬೆಟ್ಟದ ದನಗಾಹಿಗಳ ಊಟ ಅದು. ಮ್ಯಾಕರೋನಿ, ಆಲೂಗಡ್ಡೆ, ಕೆನೆ, ಚೀಸ್, ಮೇಲೆ ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿ. ಪಕ್ಕದಲ್ಲಿ ಬೇಯಿಸಿದ ಸೇಬಿನ ಗೊಜ್ಜು. ಸೇಬು ಯಾಕಪ್ಪಾ ಅಂದುಕೊಂಡೆ. ಎರಡನೇ ತುತ್ತಿಗೆ ಗೊತ್ತಾಯಿತು, ಮೊಸರನ್ನಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ತಟ್ಟೆಗೆ 18 ಫ್ರಾಂಕ್, ಒಂದರಲ್ಲಿ ಇಬ್ಬರ ಹೊಟ್ಟೆ ತುಂಬಿತು. ಇನ್ನೊಂದು ಖಾಲಿ ತಟ್ಟೆಯನ್ನು ಕೇಳದೆಯೇ ತಂದಿಟ್ಟರು. ಕೆಲವು ಕಡೆ ಹಂದಿಮಾಂಸದ ಚೂರು ಹಾಕುತ್ತಾರೆ, ಸಸ್ಯಾಹಾರಿಗಳು ಮೊದಲೇ ಹೇಳಿಬಿಡಿ. ಎರಡು ಗಂಟೆಗೆ ಒಲೆ ಆರಿಸುತ್ತಾರೆ. ಹತ್ತು ಗಂಟೆಗೆಲ್ಲ ಮೇಲಿಂದ ಹೊರಟುಬಿಡಿ.